ತಟ್ಟಿ ಕಟ್ಟಿದ ಗೋಡೆ

ನಾನು ಸಾಲಿ ಬಿಟ್ಟದ್ದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ, ಏಳನೇ ಇಯತ್ತೆಯ ನಡುವಿನಲ್ಲಿ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ನಮ್ಮಪ್ಪ ಬಾದಾಮಿ ಸೀಮೆಯ ಗೌಂಡಿ. ಅವನ ಕೈಕೆಳಗೆ ನಿಂತು ಕಲ್ಲು ಕೂಡಿಸುವುದು ಕಲಿತೆ. ಆವತ್ತಿನಿಂದ ಇವತ್ತಿನವರೆಗೆ ಯಮನಪ್ಪ ಕಟ್ಟಿದ ಗೋಡೆ ಬಿತ್ತು ಎಂದು ಒಬ್ಬನೂ ಹೇಳಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ಒಂದು ಗೋಡೆಯ ಸುದ್ದಿ.

ತೊಂಬತ್ತಾರರ ದೀಪಾವಳಿ ಮುಗಿದ ಮೇಲೆ ಕೊಟ್ಟಿಗೆಹಾರದಲ್ಲಿ ಬಸ್ಸಿಳಿದೆ. ಕಣ್ಣಿಗೆ ಮೊದಲು ಬಿದ್ದದ್ದು ಒಂದು ಮನೆ. ಅದರ ಹೆಂಚಿನ ಮೇಲೆ ಗೇಣುದ್ದ ಹುಲ್ಲು, ಗೋಡೆಯ ತುಂಬ ಹಸಿರು ಪಾಚಿ. ನಮ್ಮ ಕಡೆ ಮನೆಯ ಮೇಲೆ ಹುಲ್ಲು ಬೆಳೆದಿದೆ ಅಂದರೆ ಮನೆಯವರು ಸತ್ತಿರಬೇಕು, ಇಲ್ಲವೇ ಊರು ಬಿಟ್ಟಿರಬೇಕು. ಹಾಳು ಮನೆ ಎಂದುಕೊಂಡು ಜಗಲಿಯ ಮೇಲೆ ಗಂಟಿಟ್ಟು ಕುಂತೆ. ಒಳಗಿನಿಂದ ಒಬ್ಬ ಅಜ್ಜಿ ಬಂದು, "ಕಾಫಿ ಕುಡೀತೀರಾ? ಬೆಲ್ಲದ್ದು" ಎಂದರು. ನಾನು ಧಡಕ್ಕನೆ ಎದ್ದು ನಿಂತೆ. ಬದುಕಿದವರ ಮನೆಯ ಮೇಲೂ ಹುಲ್ಲು ಬೆಳೆಯುವ ನಾಡು ಇದು! ಗೋಡೆ ಕಟ್ಟಿ ಹೊಟ್ಟೆ ಹೊರೆಯುವವನಿಗೆ ಅದು ಒಳ್ಳೆಯ ಶಕುನವಾಗಿ ಕಾಣಲಿಲ್ಲ. ಕಾಫಿ ಮಾತ್ರ ಕುಡಿದೆ.

ನನ್ನನ್ನು ಕರೆಸಿದವರು ಕಳಸದ ದಾರಿಯಲ್ಲಿ ಕಾಫಿ ತೋಟ ಇದ್ದ ನಾಗೇಶ ಗೌಡರು. ಅವರು ಧಾರವಾಡದ ಕಡೆ ಯಾವುದೋ ಮದುವೆಗೆ ಹೋದವರು, ಮಣ್ಣಿನ ಬ್ಲಾಕಿನಲ್ಲಿ ಕಟ್ಟುತ್ತಿದ್ದ ಒಂದು ಸಾಲಿಯ ಕಟ್ಟಡ ನೋಡಿದ್ದರು. ಮಣ್ಣಿಗೆ ಸ್ವಲ್ಪ ಸಿಮೆಂಟು ಕಲಸಿ, ಕಬ್ಬಿಣದ ಮಶೀನಿಗೆ ತುಂಬಿ, ಉದ್ದನೆಯ ಹಿಡಿಕೆ ಎಳೆದರೆ ಒಂದು ಬ್ಲಾಕು. ಸುಡುವ ಕೆಲಸ ಇಲ್ಲ, ಕಟ್ಟಿಗೆ ಬೇಕಿಲ್ಲ, ಇದ್ದ ಜಾಗದ ಮಣ್ಣೇ ಸಾಕು. ಆ ಕಟ್ಟಡದ ಗೌಂಡಿ ನಾನು. ಗೌಡರು ಆವತ್ತು ಗೋಡೆಯನ್ನು ಕೈಯಿಂದ ತಟ್ಟಿ ನೋಡಿ ಹೋದವರು, ಎರಡು ವರ್ಷದ ಮೇಲೆ ಹೇಳಿ ಕಳಿಸಿದರು. ಮಶೀನು ಲಾರಿಯಲ್ಲಿ ಬಂತು, ನಾನು ಬಸ್ಸಿನಲ್ಲಿ ಬಂದೆ.

ಅವರ ತೋಟದ ಲೈನ್ ಹಳೆಯದಾಗಿತ್ತು. ಲೈನ್ ಅಂದರೆ ಆಳುಗಳಿಗೆ ಸಾಲಾಗಿ ಕಟ್ಟಿಕೊಟ್ಟ ಮನೆಗಳು. ಗೌಡರು ನನ್ನನ್ನು ನಿಲ್ಲಿಸಿಕೊಂಡು ಕರಾರು ಹೇಳಿದರು.

"ನೋಡಪ್ಪಾ, ಮೊದಲು ಒಂದೇ ಮನೆ ಕಟ್ಟು. ಅದರಲ್ಲಿ ನೀನೇ ಇರು, ಹೆಂಡ್ತಿ ಮಗುವನ್ನ ಕರ್ಕೊಂಡು ಬಾ. ಒಂದು ಮಳೆಗಾಲ ನಿಲ್ಲಲಿ. ನಿಂತರೆ ಹೊಸ ಲೈನ್ ಪೂರ್ತಿ ನಿನ್ನ ಬ್ಲಾಕಿನದೇ. ಮೂರು ನಾಕು ವರ್ಷ ಕೆಲಸ ಇರುತ್ತೆ. ಇಲ್ದಿದ್ರೆ ಐತಪ್ಪ ಮೇಸ್ತ್ರಿ ಇದ್ದಾನೆ, ಮುರಕಲ್ಲು ಇದೆ. ನೀನು ಬಂದ ದಾರಿ ಇದೆ."

ಮುರಕಲ್ಲು ಎಂದರೆ ಘಟ್ಟದ ಕೆಳಗೆ ನೆಲದಿಂದ ಕೊಯ್ದು ತೆಗೆಯುವ ಕೆಂಪು ಕಲ್ಲು. ಚಾರ್ಮಾಡಿ ಹತ್ತಿ ಲಾರಿಯಲ್ಲಿ ಬರುತ್ತಿತ್ತು. ಅದನ್ನು ತರಿಸಿ ಕಟ್ಟುವವನು ಐತಪ್ಪ. ಅವನೂ ಅಲ್ಲೇ ನಿಂತಿದ್ದ, ಎಲೆಯಡಿಕೆ ಜಗಿಯುತ್ತ. ನನ್ನ ಮಶೀನಿನ ಸುತ್ತ ಒಂದು ಸುತ್ತು ಬಂದು ಕೇಳಿದ: "ಇದು ಎಂತ ಮಾರಾಯ್ರೇ, ಕಬ್ಬಿನ ಗಾಣವಾ?"

ನನ್ನ ಬದುಕಿಗೂ ಇವನ ಬದುಕಿಗೂ ನಡುವೆ ಇರುವುದು ಒಂದು ಮಳೆಗಾಲ ಎಂದು ಗೊತ್ತಾಯಿತು. ಇಂಥವನನ್ನು ನಂಬಬಾರದು ಎಂದು ಆವತ್ತೇ ಮನಸ್ಸಿಗೆ ಗಂಟು ಹಾಕಿಕೊಂಡೆ.

ನನಗೆ ಇರಲು ಕೊಟ್ಟದ್ದು ಕಾಫಿ ಗೋಡೌನಿನ ಪಕ್ಕದ ಕೋಣೆ. ಬೆಳಗ್ಗೆ ಬಾಗಿಲು ತೆಗೆದರೆ ಎದುರು ಏನೂ ಇಲ್ಲ, ಬರೀ ಮಂಜು. ಪಾಯದ ಅಳತೆಗೆ ನಾನೇ ಕಟ್ಟಿದ ದಾರ ನನಗೇ ಕಾಣುತ್ತಿರಲಿಲ್ಲ. ಊರಲ್ಲಿ ನಾವು ನಸುಕಿಗೇ ಕೆಲಸ ಹಿಡಿದು ಬಿಸಿಲೇರುವುದರೊಳಗೆ ಅರ್ಧ ಮುಗಿಸುತ್ತೇವೆ. ಇಲ್ಲಿ ಬಿಸಿಲಿಗಾಗಿ ಕಾಯಬೇಕು! ಕಡ್ಡಿಪೆಟ್ಟಿಗೆ ಗೀರಿದರೆ ಹತ್ತುವುದಿಲ್ಲ, ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ. ಊರಿಂದ ತಂದ ಜೋಳದ ಹಿಟ್ಟು ಮುಗ್ಗಲು ವಾಸನೆ ಬಂದು ರೊಟ್ಟಿ ಬಡಿದರೆ ಸೀಳತೊಡಗಿತು. ಲೈನಿನ ಸೀತಮ್ಮ ಅನ್ನುವ ಹೆಂಗಸು ಅಕ್ಕಿ ರೊಟ್ಟಿ ಕೊಟ್ಟು ಕಳಿಸುತ್ತಿದ್ದಳು. ಬೆಳ್ಳಗೆ, ಮೆತ್ತಗೆ, ಎರಡು ತಿಂದರೂ ತಿಂದಂತೆ ಅನ್ನಿಸದು. ಹಲ್ಲಿಗೆ ಕೆಲಸ ಕೊಡದ ರೊಟ್ಟಿ ಎಂಥ ರೊಟ್ಟಿ?

ಮಾತೂ ಹಾಗೆಯೇ. ಕನ್ನಡವೇ, ಆದರೆ ಮೆತ್ತಗೆ. ನಾವು ಬೈದರೆ ಬೈದದ್ದು ಗೊತ್ತಾಗುತ್ತದೆ. ಇಲ್ಲಿಯವರು ಬೈದರೂ ವಿಚಾರಿಸಿದ ಹಾಗೆ ಇರುತ್ತದೆ. "ಹೌದಾ? ಹಂಗಾ?" ಅನ್ನುತ್ತಾರೆ, ಒಪ್ಪಿದರೋ ಬಿಟ್ಟರೋ ತಿಳಿಯದು. ಗೌಂಡಿ ಅನ್ನುವ ಪದವೇ ಇವರಿಗೆ ಗೊತ್ತಿಲ್ಲ. ಮೇಸ್ತ್ರಿ ಎನ್ನುತ್ತಾರೆ, ತೋಟದಲ್ಲಿ ಆಳು ಕರೆಯುವವನಿಗೂ ಮೇಸ್ತ್ರಿ ಎನ್ನುತ್ತಾರೆ. ಲೆಕ್ಕ ಬರೆಯುವವನು ರೈಟರ್. ನಾನು ಏನು ಕೇಳಿದರೂ ರೈಟರು, "ಗೌಡ್ರನ್ನ ಕೇಳಿ ಹೇಳ್ತೀನಿ" ಎನ್ನುತ್ತಿದ್ದ. ನಾನೆಂದೂ ಎರಡನೇ ಸಲ ಕೇಳುವವನಲ್ಲ.

ಮೊದಲ ಪೆಟ್ಟು ಬಿದ್ದದ್ದು ಬ್ಲಾಕು ಒತ್ತಲು ಶುರು ಮಾಡಿದ ವಾರದಲ್ಲೇ. ನಮ್ಮ ಲೆಕ್ಕದಲ್ಲಿ ಮಳೆ ನಿಂತ ಮೇಲಿನ ತಿಂಗಳುಗಳು ಕಟ್ಟಡದ ಹಂಗಾಮು. ಒಣ ಹವೆ, ಗಟ್ಟಿ ನೆಲ, ಆಳಿಗೆ ಬರವಿಲ್ಲ. ಹಾಗೆಂದು ನಾನು ಕೆಲಸ ಹೂಡಿದೆ. ಮಶೀನಿನ ಹಿಡಿಕೆ ಎಳೆಯುವವರು, ಮಣ್ಣು ಜರಡಿ ಹಿಡಿಯುವವರು ಎಲ್ಲ ಕೈ ಪಳಗಿಸಿಕೊಂಡರು. ಒಂದು ಸೋಮವಾರ ಬೆಳಗ್ಗೆ ನೋಡಿದರೆ ಮಶೀನಿನ ಹತ್ತಿರ ನಾನೊಬ್ಬನೇ.

"ಎಲ್ರೂ ಎಲ್ಲಿ ಹೋದ್ರು?" ಎಂದು ಸೀತಮ್ಮನನ್ನು ಕೇಳಿದೆ. ಅವಳು ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೊರಟಿದ್ದಳು.

"ಹಣ್ಣಾಯ್ತಲ್ಲ ಮಾರಾಯ್ರೇ" ಎಂದಳು, ನಾನೊಬ್ಬ ದಡ್ಡ ಎಂಬಂತೆ ನೋಡಿ.

ಕಾಫಿ ಹಣ್ಣಾದರೆ ಬೆಟ್ಟದ ಮೇಲೆ ಮತ್ತೊಂದು ಕೆಲಸ ಇಲ್ಲ. ಗೋಡೆ ನಿಲ್ಲಲಿ ಬೀಳಲಿ, ಕೊಯ್ಲು ಮುಗಿಯುವವರೆಗೆ ಒಂದು ಕೈಯೂ ಸಿಗದು. ಇದನ್ನು ಗೌಡರು ಹೇಳಲಿಲ್ಲ, ರೈಟರು ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ, ಕೆಲಸ ತಡವಾಗಲಿ ಅಂತಲೇ ಐತಪ್ಪ ಎಲ್ಲರ ಬಾಯಿ ಕಟ್ಟಿಸಿದ್ದಾನೆ ಎಂದು ನಾನು ತಿಳಿದೆ. ಅವನ ಮುರಕಲ್ಲಿಗೆ ಏನು, ಕೆಳಗಿನಿಂದ ತನ್ನದೇ ಆಳು ತರುತ್ತಾನೆ.

ಅದೇ ಹೊತ್ತಿಗೆ ಶೈಲಜಾ ಮೇಡಂ ಬಂದರು. ಘಟ್ಟದ ಕೆಳಗಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರು. ಜೊತೆಗೆ ಸಂಶೋಧನೆ ಮಾಡುತ್ತಿದ್ದರಂತೆ. ಕಳಸದ ಬಸ್ಸಿನಿಂದ ಇಳಿದು, ಕೆಸರಿನ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬಂದು, ಮಗುಚಿಟ್ಟ ಬುಟ್ಟಿಯ ಮೇಲೆ ಕುಂತರು.

"ನಿಮ್ಮ ಕೆಲಸ ನೋಡ್ಬೇಕು" ಎಂದರು.

"ನೋಡ್ರಿ. ಆದ್ರ ಯಾಕ ನೋಡ್ತೀರಿ?"

"ಕಟ್ಟೋ ಕೆಲಸಕ್ಕೆ ಹೊಸ ವಿಧಾನ ಒಂದು ಬಂದ್ರೆ ಅದನ್ನ ಹೇಗೆ ನಡೆಸ್ತಾರೆ, ಎಲ್ಲಿ ತಡ ಆಗುತ್ತೆ, ಅದು ಹರಡುತ್ತಾ ಇಲ್ಲ ಅಲ್ಲೇ ಸಾಯುತ್ತಾ ಅಂತ ನೋಡ್ತಿದೀನಿ."

"ನೋಡಿ ಕಡೀಕ ಯಾರಿಗೆ ಒಪ್ಪಸ್ತೀರಿ?"

"ಕಾಲೇಜಿಗೆ."

"ಕಾಲೇಜಿನವರು ಮನಿ ಕಟ್ಟಸ್ತಾರೇನ್ರಿ?"

ಅವರು ನಕ್ಕರು. ನಾನು ನಗಲಿಲ್ಲ. ಪುಕ್ಕಟೆ ಬಂದು ಬುಟ್ಟಿಯ ಮೇಲೆ ಕೂಡುವವರನ್ನು ನಾನು ನಂಬುವುದಿಲ್ಲ.

ನಾನೊಬ್ಬನೇ ಅಲ್ಲ, ಇಡೀ ತೋಟವೇ ಅವರ ಮೇಲೆ ಗುಮಾನಿ ಪಟ್ಟಿತು. ಗೌಡರು, "ಲೇಬರ್ ಆಫೀಸಿನಿಂದ ಬಂದಿರಬಹುದು, ಎಂಥದೂ ಜಾಸ್ತಿ ಮಾತಾಡಬೇಡ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಲೈನಿನವರು ಫಾರೆಸ್ಟಿನವರು ಜಾಗ ಅಳೆಯಲು ಕಳಿಸಿದ ಹೆಂಗಸು ಎಂದರು. ಐತಪ್ಪ ಮಾತ್ರ, "ಅದು ನಿಮ್ಮ ಮಶೀನ್ ಕಂಪನಿಯ ಜನ ಅಲ್ವಾ? ನನ್ನ ಹೊಟ್ಟೆಗೆ ಕಲ್ಲು ಹಾಕ್ಲಿಕ್ಕೆ ಬಂದದ್ದು" ಎಂದು ನನ್ನ ಮುಖಕ್ಕೇ ಹೇಳಿದ. ನನ್ನ ಲೆಕ್ಕ ಬೇರೆ: ಇವಳು ಗೌಡರ ಗೂಢಚಾರಿಣಿ. ನನ್ನ ಕೈಚಳಕ ನೋಡಿ ಕಲಿತು ಗೌಡರಿಗೆ ಹೇಳಿಕೊಟ್ಟರೆ, ಮಶೀನು ಇಲ್ಲೇ ಉಳಿಯುತ್ತದೆ, ನಾನು ಬಸ್ಸು ಹತ್ತುತ್ತೇನೆ.

ತಿಂಗಳಿಗೊಮ್ಮೆ ಬರುತ್ತಿದ್ದರು. ಎಂಥದ್ದೇ ನೋಡಲಿ, ಪ್ರಶ್ನೆ ಒಂದೇ: "ಇದನ್ನ ನಿಮಗೆ ಯಾರು ಹೇಳಿದ್ರು?" ಮಣ್ಣಿಗೆ ಇಷ್ಟು ಮರಳು ಬೇಕು ಎಂದು ಯಾರು ಹೇಳಿದರು? ಹಿಡಿಕೆ ಇಬ್ಬರು ಎಳೆಯಬೇಕು ಎಂದು ಯಾರು ಹೇಳಿದರು? ಕೇಳಿ ಕೇಳಿ ನನಗೆ ರೇಗಿತು.

"ಯಾರೂ ಹೇಳಿಲ್ರಿ. ನನಗ ಗೊತ್ತೈತಿ."

"ಇಲ್ಲಿಯವರನ್ನ ಏನಾದ್ರೂ ಕೇಳಿದ್ರಾ?"

"ಇಲ್ಲಿಯವರಿಗೆ ಬ್ಲಾಕು ಅಂದ್ರ ಏನಂತ ಗೊತ್ತಿಲ್ಲ. ಅವರನ್ನ ಏನ್ ಕೇಳ್ಲಿ?"

ಅವರು "ಸರಿ" ಎಂದರು. ಆ "ಸರಿ" ನನಗೆ ಸರಿ ಕಾಣಲಿಲ್ಲ.

ಕೊಯ್ಲು ಮುಗಿದು ಆಳು ವಾಪಸು ಬಂದರು ಅನ್ನುವುದರೊಳಗೆ ನೀರು ಹೋಯಿತು. ಕೆರೆಯ ದಂಡೆಯ ಮೇಲೆ ದೊಡ್ಡ ಇಂಜಿನ್ನು ಕೂತು ಹಗಲೂ ರಾತ್ರಿ ಗುಡುಗತೊಡಗಿತು, ತೋಟದ ತುಂಬ ಪೈಪು, ಸ್ಪ್ರಿಂಕ್ಲರು. ನನ್ನ ಬ್ಲಾಕಿಗೆ ಎರಡು ಮೂರು ವಾರ ನೀರು ಕುಡಿಸಬೇಕು, ಇಲ್ಲದಿದ್ದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಎರಡನೇ ಸಲ ಕೇಳದ ನಾನು ಆ ದಿನ ರೈಟರ ಹತ್ತಿರ ಮೂರು ಸಲ ಹೋದೆ.

"ಹೂ ಮಳೆ ಬರಲಿಲ್ಲ ಯಮನಪ್ಪಾ" ಎಂದ ಅವನು. "ಈಗ ನೀರು ಕೊಟ್ಟರೆ ಕಾಫಿ ಹೂ ಬಿಡುತ್ತೆ. ಬಿಡದಿದ್ರೆ ಬರೋ ವರ್ಷ ನಿಂಗೂ ಇಲ್ಲ, ನಂಗೂ ಇಲ್ಲ."

ಗಿಡಕ್ಕೆ ಮಳೆ ಬರಲಿಲ್ಲ ಎಂದು ಮಳೆಯನ್ನೇ ಮಾಡುವ ಜನ. ಕೋಪ ಬಂದರೂ ಒಳಗೊಳಗೆ ಬೆರಗಾಯಿತು. ನಮ್ಮ ಕಡೆ ಮಳೆ ಬರದಿದ್ದರೆ ಮುಗಿಲು ನೋಡುತ್ತೇವೆ, ಅಷ್ಟೇ. ಗೋಡೌನಿನಲ್ಲಿ ಹರಿದ ಕಾಫಿ ಗೋಣಿಗಳು ರಾಶಿ ಬಿದ್ದಿದ್ದವು. ಅವನ್ನು ಬೇಡಿ ತಂದು, ಹಳ್ಳದಲ್ಲಿ ಅದ್ದಿ, ಬ್ಲಾಕಿನ ರಾಶಿಗೆ ಹೊದಿಸಿದೆ. ಮಂಜು ಬೇರೆ ಇತ್ತಲ್ಲ, ಗೋಣಿ ಆರುತ್ತಿರಲಿಲ್ಲ. ಕೊಡಗಟ್ಟಲೆ ನೀರು ಬೇಕಿದ್ದ ಕೆಲಸ ತಂಬಿಗೆಯಲ್ಲಿ ಮುಗಿಯಿತು. ಈ ಬೆಟ್ಟ ನನಗೆ ಮಾಡಿದ ಮೊದಲ ಉಪಕಾರ ಅದು. ಒಂದು ಬೆಳಗ್ಗೆ ಎದ್ದರೆ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು, ಮಲ್ಲಿಗೆಯ ವಾಸನೆ. ಯಾರಿಗೂ ತಿಳಿಯದ ಹಾಗೆ ನಿಂತು ನೋಡಿದೆ.

ಯುಗಾದಿಯ ಹೊತ್ತಿಗೆ ಮನೆ ನಿಂತಿತು. ಎರಡು ಕೋಣೆ, ಒಂದು ಅಡಿಗೆಮನೆ, ಮಂಗಳೂರು ಹೆಂಚು. ಮೇಲೆ ಗಾರೆ ಬಳಿದು ಗಿಲಾಯಿ ಮಾಡಲಿಲ್ಲ, ಬ್ಲಾಕಿನ ಕೆಂಪು ಸಾಲು ಬೆತ್ತಲೆ ಕಾಣಬೇಕು, ಅದರ ಚೆಂದವೇ ಅದು. ಹೆಂಚಿನ ಸೂರನ್ನು ಗೋಡೆಯಿಂದ ಒಂದು ಗೇಣು ಮಾತ್ರ ಹೊರಗೆ ಬಿಟ್ಟೆ. ಮೇಲೆ ಚಪ್ಪಟೆ ಮಣ್ಣು ಹಾಸಿದ ನಮ್ಮ ಮಾಳಿಗೆ ಮನೆಗಳಿಗೆ ಅಷ್ಟೂ ಇರುವುದಿಲ್ಲ. ಐತಪ್ಪ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದ.

"ಗೋಡೆ ಚಂದ ಉಂಟು. ಟೊಪ್ಪಿ ಸಣ್ಣದಾಯ್ತು ಮಾರಾಯ್ರೇ."

"ನಿನ್ನ ತಲಿ ನೋಡ್ಕೋ ನೀ."

"ಆಯ್ತು. ಪಡುವಣ ಬದಿಗೆ ಒಂದು ತಟ್ಟಿಯಾದ್ರೂ ಕಟ್ಟಿ. ಇಲ್ಲಿಯ ಮಳೆ ಮೇಲಿಂದ ಬರುದಲ್ಲ, ಬದಿಯಿಂದ ಬರುದು."

ತಟ್ಟಿ ಅಂದರೆ ಬಿದಿರಿನ ದಬ್ಬೆಗೆ ಭತ್ತದ ಹುಲ್ಲು ಹೆಣೆದು ಮಾಡಿದ ಪರದೆ. ಹಳೆಯ ಲೈನಿನವರು ಮಳೆಗೆ ಮುಂಚೆಯೇ ಅದನ್ನು ಹೆಣೆಯುತ್ತ ಕುಂತಿದ್ದು ಕಂಡಿದ್ದೆ. ಆ ಗೋಡೆಗಳು ಮುದಿ ಗೋಡೆಗಳು, ಅವಕ್ಕೆ ಬೇಕು. ನನ್ನ ಹೊಸ ಗೋಡೆಗೆ ತಟ್ಟಿ ಕಟ್ಟಿದರೆ? ನೋಡಿ ಗೌಡ್ರೇ, ಗೋಡೆ ನಿಂತದ್ದಲ್ಲ, ಹುಲ್ಲು ನಿಂತದ್ದು ಎಂದು ಇದೇ ಐತಪ್ಪ ಹೋಗಿ ಹೇಳುತ್ತಾನೆ. ಅವನ ಮಾತಿನ ಹಿಂದಿನ ಹಂಚಿಕೆ ನನಗೆ ನಿಚ್ಚಳ ಕಂಡಿತು. ಕಟ್ಟುವುದಿಲ್ಲ ಎಂದೆ.

ಆದರೂ ಮನಸ್ಸು ಕೊರೆಯಿತು. ಮೇಡಂ ಬಂದಾಗ ಕೇಳಿದೆ, ಓದಿದವರಲ್ಲವೇ.

"ತಟ್ಟಿ ಕಟ್ಟಬೇಕೋ ಬ್ಯಾಡೋ, ನೀವು ಹೇಳ್ರಿ."

ಅವರು ಬಹಳ ಹೊತ್ತು ಪಶ್ಚಿಮದ ಗೋಡೆಯನ್ನೇ ನೋಡಿದರು. "ನಾನು ಹೇಳೋ ಹಾಗಿಲ್ಲ ಯಮನಪ್ಪ ಅವ್ರೇ. ನಾನು ಹೇಳಿಬಿಟ್ರೆ ಇಲ್ಲಿ ನಡೆಯೋದು ನನ್ನ ಕೆಲಸ ಆಗುತ್ತೆ, ನಿಮ್ಮದಲ್ಲ. ಬೇರೆ ಯಾರನ್ನಾದ್ರೂ ಕೇಳಿ."

ಕಣ್ಣೆದುರು ಒಬ್ಬ ಬಾವಿಯ ಅಂಚಿಗೆ ನಡೆಯುತ್ತಿದ್ದರೆ, ನಾನು ನೋಡುವವಳು, ಹೇಳುವವಳಲ್ಲ ಅನ್ನುವಂಥ ವಿದ್ಯೆ! ಗೋಡೆ ಬಿದ್ದರೆ ಇವಳ ಸಂಶೋಧನೆಗೆ ಬಣ್ಣ ಬರುತ್ತದೆ ಎಂದುಕೊಂಡೆ. ಕಟ್ಟಬಾರದು ಎಂದು ಮನಸ್ಸು ಇನ್ನೂ ಗಟ್ಟಿ ಮಾಡಿದೆ.

ಹೆಂಡತಿ ಗಂಗವ್ವ, ಆರು ವರ್ಷದ ಮಗಳು ರೇಣುಕಾ ಮೇ ಕೊನೆಗೆ ಬಂದರು. ಗಂಗವ್ವ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿದಳು.

"ಬೆಳಕಿಂಡಿ ಎಲ್ರೀ?" ಎಂದಳು. ನಮ್ಮ ಮನೆಗಳ ಮಾಳಿಗೆಯಲ್ಲಿ ಬೆಳಕು ಬೀಳಲು ಒಂದು ಕಿಂಡಿ ಇರುತ್ತದೆ, ಅಡಿಗೆಯ ಹೊಗೆಯೂ ಅದರಲ್ಲೇ ಹೋಗುತ್ತದೆ.

"ಇಲ್ಲಿ ಮ್ಯಾಲಿಂದ ಬೆಳಕು ಬರೂದಿಲ್ಲ, ನೀರು ಬರ್ತೈತಿ" ಎಂದೆ. ಬಂದು ಏಳು ತಿಂಗಳಾಗಿತ್ತು, ನಾನೂ ಇಲ್ಲಿಯವನ ಹಾಗೆ ಮಾತಾಡಿದ್ದಕ್ಕೆ ಒಳಗೇ ಹೆಮ್ಮೆ.

ಆರಿದ್ರ ಮಳೆ ಹಿಡಿಯಿತು. ಊರಿನವರಿಗೆ ಹೇಗೆ ತಿಳಿಸಲಿ? ನಮ್ಮಲ್ಲಿ ಮಳೆ ಬರುತ್ತದೆ, ಹೋಗುತ್ತದೆ. ಇಲ್ಲಿ ಬಂದು ಕೂಡುತ್ತದೆ, ಮನೆ ಅಳಿಯನ ಹಾಗೆ. ಐತಪ್ಪ ಹೇಳಿದ್ದು ಸುಳ್ಳಲ್ಲ, ಅದು ಬದಿಯಿಂದಲೇ ಬಂತು. ದಿನವೂ ಬೆಳಗ್ಗೆ ಎದ್ದು ಪಶ್ಚಿಮದ ಗೋಡೆಗೆ ಒಳಗಿನಿಂದ ಅಂಗೈ ಇಡುತ್ತಿದ್ದೆ. ಮೊದಲು ತಣ್ಣಗಿತ್ತು. ಆಮೇಲೆ ಬೆವರಿತು. ಆಮೇಲೆ ಕೆಳಗಿನ ಸಾಲುಗಳು ಕಪ್ಪಾದವು. ರೇಣುಕಾಳ ಹಾಸಿಗೆಯನ್ನು ಆ ಗೋಡೆಯಿಂದ ಈ ಗೋಡೆಗೆ ಎಳೆದದ್ದಾಯಿತು. ಹೊರಗೆ ಹೋಗಿ ನೋಡಿದರೆ ಅಡಿಪಾಯದ ಹತ್ತಿರ ನೆಲದಿಂದ ಚಿಮ್ಮಿದ ನೀರು ಬ್ಲಾಕಿನ ಮೂಲೆಗಳನ್ನು ಇಲಿ ಕಡಿದ ಹಾಗೆ ಕಡಿದಿತ್ತು.

ಗೌಡರು ಛತ್ರಿ ಹಿಡಿದು ಲೈನಿನ ಕಡೆ ಬಂದವರು, ನನ್ನ ಗೋಡೆಯ ಮುಂದೆ ಕಾಲು ನಿಲ್ಲಿಸಿ ಹಾಗೆಯೇ ಹೋದರು. ಒಂದು ಮಾತು ಆಡಲಿಲ್ಲ. ಐತಪ್ಪನ ಕಲ್ಲಿನ ಲಾರಿಗೆ ಹೇಳಿ ಕಳಿಸಿಯಾಗಿದೆ ಎಂದು ನನಗೆ ಖಾತ್ರಿಯಾಯಿತು.

"ಸೀತಕ್ಕ ತಟ್ಟಿ ಹೆಣದು ಕೊಡ್ತೀನಿ ಅಂತಾಳ್ರೀ" ಎಂದಳು ಗಂಗವ್ವ.

"ತಟ್ಟಿ ಹೆಸರು ಎತ್ತಬ್ಯಾಡ."

"ಕೂಸಿಗೆ ಕೆಮ್ಮು ಹತ್ತೈತಿ."

"ಗ್ವಾಡಿ ನಿಂದರ್ತೈತಿ ಅಂದೆ. ನಿಂದರ್ತೈತಿ."

ಮಶೀನಿನ ಒಂದು ಬೋಲ್ಟು ಮುರಿದಿತ್ತು. ಅದನ್ನು ಮಾಡಿಸಿಕೊಂಡು ಬರಲು ಮೂಡಿಗೆರೆಗೆ ಹೋದೆ. ನಿಜ ಹೇಳಬೇಕೆಂದರೆ ಆ ಗೋಡೆಯ ಮುಖ ನೋಡಲಾರದೆ ಹೋದೆ. ವಾಪಸು ಬರುವಾಗ ಕೊಟ್ಟಿಗೆಹಾರದ ಆಚೆ ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತು. ಆ ರಾತ್ರಿ ಅಲ್ಲೇ ಒಂದು ಹೋಟೆಲಿನ ಬೆಂಚಿನ ಮೇಲೆ ಕಳೆದು, ಮರುದಿನ ಮಧ್ಯಾಹ್ನ ನಡೆದುಕೊಂಡು ತೋಟಕ್ಕೆ ಬಂದೆ. ತಿರುವಿನಲ್ಲಿ ನಿಂತು ನೋಡಿದರೆ ನನ್ನ ಗೋಡೆ ಇರಲಿಲ್ಲ.

ಬಿದ್ದಿರಲಿಲ್ಲ, ಕಾಣುತ್ತಿರಲಿಲ್ಲ. ಸೂರಿನಿಂದ ನೆಲದವರೆಗೆ ಹುಲ್ಲಿನ ತಟ್ಟಿ. ಕಂಬಳಿಕೊಪ್ಪೆ ಹೊದ್ದ ಮುದುಕಿಯ ಹಾಗೆ ನಿಂತಿತ್ತು ನನ್ನ ಮನೆ.

ಚಾಕು ತಗೊಂಡು ಕಟ್ಟು ಕೊಯ್ಯಲು ಹೋದೆ. ಗಂಗವ್ವ ಬಂದು ತಟ್ಟಿಗೆ ಬೆನ್ನು ಕೊಟ್ಟು ನಿಂತಳು, ಮಳೆಯಲ್ಲೇ.

"ಆ ಕಡೆ ಸರೀ ನೀ."

"ಸರಿಯೂದಿಲ್ಲ. ನಿಮ್ಮ ಗ್ವಾಡಿ ಮಾನಕ್ಕ ನನ್ನ ಮಗಳು ಹಸಿ ನೆಲದಾಗ ಮಲಗಬೇಕೇನು? ಊರಾಗ ಮಂದಿ ಮುಂದ ಗೌಂಡಿ, ಇಲ್ಲೂ ಗೌಂಡಿ. ಮನ್ಯಾಗ ಯಾವಾಗ ಅಪ್ಪ ಆಗೂದು?"

ಸೀತಮ್ಮ ತನ್ನ ಬಾಗಿಲಿನಿಂದಲೇ ಕೂಗಿದಳು: "ಕೊಯ್ದರೆ ನೀವೇ ಹೆಣೀಬೇಕು ನೋಡಿ. ನನ್ನ ಕೈ ಸೋತೋಗಿದೆ."

ಅಷ್ಟರಲ್ಲಿ ಗೌಡರ ಛತ್ರಿ ಬಂತು. ಮುಗಿಯಿತು ಎಂದುಕೊಂಡೆ. ಚಾಕು ಕೈಯಲ್ಲೇ ಇತ್ತು. ನಾನೇ ಮೊದಲು ಮಾತೆತ್ತಿದೆ: "ಇದು ನಾ ಕಟ್ಟಿದ್ದಲ್ರೀ ಗೌಡ್ರೇ. ಹೆಂಗಸರ ಕೆಲಸ. ಈಗ ತೆಗದು ಹಾಕ್ತೀನಿ."

"ಯಾಕೆ?" ಎಂದರು ಗೌಡರು.

"ಕರಾರು ಹಂಗ ಐತಲ್ರೀ. ಒಂದು ಮಳಿಗಾಲ ಗ್ವಾಡಿ ನಿಂದರಬೇಕು ಅಂತ."

ಗೌಡರು ನನ್ನ ಮುಖ ನೋಡಿದರು, ತಟ್ಟಿ ನೋಡಿದರು. "ಎಂಥ ಮನುಷ್ಯನೋ ಮಾರಾಯ ನೀನು! ಬರಿಮೈಲಿ ನಿಲ್ಲಲಿ ಅಂತ ಯಾರು ಹೇಳಿದ್ರು? ನಮ್ಮ ಬಂಗ್ಲೆ ನಮ್ಮಜ್ಜ ಕಟ್ಟಿಸಿದ್ದು, ಕಲ್ಲಿನ ಗೋಡೆ. ಅದಕ್ಕೂ ಪಡುವಣಕ್ಕೆ ತಟ್ಟಿ ಕಟ್ಟಿದೀವಿ. ಮಳೆಗಾಲದಲ್ಲಿ ಮನುಷ್ಯ ಕೊಪ್ಪೆ ಹಾಕ್ಕೊಂಡ್ರೆ ಕೈಲಾಗದವನು ಅಂತೀಯಾ?"

ನಾನು ಬಂಗಲೆಯ ಹಿಂಬದಿಗೆ ಎಂದೂ ಹೋದವನಲ್ಲ. ಮುಂದಿನ ಮೆಟ್ಟಿಲಲ್ಲೇ ನಿಂತು ಮಾತಾಡಿ ಬರುತ್ತಿದ್ದೆ.

"ಮತ್ತ ಆವತ್ತು ನೀವು ನೋಡಿ ಸುಮ್ಮನ ಹೋದ್ರಲ್ರೀ?"

"ಮೇಸ್ತ್ರಿಗೆ ತಟ್ಟಿ ಕಟ್ಟು ಅಂತ ನಾನು ಹೇಳ್ಬೇಕಾ? ಏನೋ ಹೊಸ ವಿಧಾನ ಇರಬೇಕು, ನಿಂಗೆ ಗೊತ್ತಿರುತ್ತೆ ಅಂತ ಸುಮ್ಮನಾದೆ."

ನನಗೆ ಗೊತ್ತಿರುತ್ತದೆ ಎಂದುಕೊಂಡು ಅವರು ಹೇಳಲಿಲ್ಲ. ಅವರಿಗೆ ಗೊತ್ತಿಲ್ಲ ಎಂದುಕೊಂಡು ನಾನು ಕೇಳಲಿಲ್ಲ. ಚಾಕು ಮಡಚಿ ಜೇಬಿಗೆ ಹಾಕಿಕೊಂಡೆ.

ಮಳೆ ಬಿಟ್ಟ ಮೇಲೆ, ದಸರೆಯ ಹೊತ್ತಿಗೆ, ತಟ್ಟಿ ಬಿಚ್ಚಿದೆವು. ಗೌಡರು, ಐತಪ್ಪ, ಅರ್ಧ ಲೈನು ನಿಂತಿತ್ತು ನೋಡಲು. ತಟ್ಟಿ ಕಟ್ಟುವ ಮೊದಲು ಹಾಳಾಗಿದ್ದ ಕೆಳಗಿನ ಸಾಲುಗಳು ಹಾಳಾಗಿಯೇ ಇದ್ದವು. ಅದರ ಮೇಲಿನದೆಲ್ಲ ಕಟ್ಟಿದ ದಿನದ ಹಾಗೆ, ಮೂಲೆ ಹಿಡಿದರೆ ಕೈ ಕೊಯ್ಯುವಷ್ಟು ಚೂಪು. ಐತಪ್ಪ ಉಗುರಿನಿಂದ ಗೀಚಿ ನೋಡಿದ. "ಗಟ್ಟಿ ಉಂಟು" ಎಂದ. ಅವನ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು. ಆಮೇಲೆ ತಿರುಗಿ, "ನಾನು ಆವತ್ತೇ ಹೇಳ್ಲಿಲ್ವಾ? ನೀವು ನನ್ನನ್ನ ಕಳ್ಳನ ಹಾಗೆ ನೋಡಿದ್ರಿ" ಎಂದ. ಹೌದು, ನೋಡಿದ್ದೆ. ಇವತ್ತಿಗೂ ಅವನು ಒಳ್ಳೆಯದು ಹೇಳಿದರೆ ಒಂದು ಸಲ ಹಿಂದೆ ತಿರುಗಿ ನೋಡುತ್ತೇನೆ.

ಮೇಡಂ ಕೂಡ ಬಂದಿದ್ದರು. ಈ ಸಲ ನನ್ನ ಹತ್ತಿರ ಬರಲಿಲ್ಲ. ಗಂಗವ್ವನ ಒಲೆಯ ಮುಂದೆ ಕುಂತರು, ಸೀತಮ್ಮನನ್ನೂ ಕರೆಸಿಕೊಂಡರು. ಮಧ್ಯಾಹ್ನವೆಲ್ಲ ಅದೇ ಪ್ರಶ್ನೆ: ಯಾರು ಹೇಳಿದರು, ಯಾರಿಗೆ ಹೇಳಿದರು, ಹುಲ್ಲು ಎಲ್ಲಿಂದ ಬಂತು, ಸೂರು ಚಿಕ್ಕದಾದ್ದಕ್ಕೆ ಕಟ್ಟು ಹೇಗೆ ಬಿಗಿದಿರಿ. ಒಂದು ಗೋಡೆ ಕಟ್ಟಿದವನು ಹೊರಗೆ ನಿಂತಿದ್ದೇನೆ, ಒಳಗೆ ಹುಲ್ಲು ಕಟ್ಟಿದವರ ಸಂದರ್ಶನ! ಅವರು ಹೊರಡುವಾಗ ಅಡ್ಡ ನಿಂತು ಕೇಳಿಯೇಬಿಟ್ಟೆ.

"ಮೇಡಂ, ನೀವು ಯಾರ ಕಡೆ?"

"ಯಾರ ಕಡೆಯೂ ಅಲ್ಲ" ಎಂದರು. ಚಪ್ಪಲಿ ಕೈಯಲ್ಲಿತ್ತು. "ನಾನು ನೋಡಿದ ಜಾಗದಲ್ಲೆಲ್ಲ ಹೊಸ ವಿಧಾನದಲ್ಲಿ ಒಂದೇ ಒಂದು ಕಟ್ಟಡ ಆಗಿದೆ. ಎರಡನೇದು ಆಗಿಲ್ಲ. ತಂದವರು ಊರಿನವರನ್ನ ಕೇಳಲ್ಲ, ಊರಿನವರು ಅವರಿಗೆ ಹೇಳಲ್ಲ. ಮೊದಲ ಮಳೆಗೆ ಕಥೆ ಮುಗಿಯುತ್ತೆ. ಇಲ್ಲಿ ಮುಗಿಯಲಿಲ್ಲ. ಯಾಕೆ ಅಂತ ನಿಮ್ಮ ಹೆಂಡತಿಗೆ ಗೊತ್ತಿತ್ತು, ಅವರನ್ನ ಕೇಳಿದೆ." ಸ್ವಲ್ಪ ದೂರ ಹೋದವರು ತಿರುಗಿ, "ಆವತ್ತು ನೀವು ಕೇಳಿದಾಗ ಹೇಳ್ದೆ ಹೋದದ್ದು ನನಗೂ ಸುಲಭ ಆಗಿರಲಿಲ್ಲ. ಆ ಮನೆಗೆ ಮಗು ಬರೋದಿತ್ತಲ್ಲ" ಎಂದರು.

ಮಾತು ಚೆನ್ನಾಗಿತ್ತು. ಚೆನ್ನಾದ ಮಾತು ಕೇಳಿದರೆ ನನಗೆ ಗುಮಾನಿ ಜಾಸ್ತಿ. ಆದರೂ ಬಸ್ಸಿನವರೆಗೆ ಅವರ ಜೊತೆ ನಡೆದೆ.

ಗೌಡರು ಹೊಸ ಲೈನಿಗೆ ಹೇಳಿದ್ದು ಹೀಗೆ: ಅಡಿಪಾಯದ ಮೇಲೆ ಎರಡು ಸಾಲು ಮತ್ತು ಪಡುವಣ ಗೋಡೆ 'ಐತಪ್ಪನ ಮುರಕಲ್ಲು', ಉಳಿದ ಮೂರು ಗೋಡೆ 'ಯಮನಪ್ಪನ ಬ್ಲಾಕು', ಸೂರು ಎರಡು ಮೊಳ ಹೊರಗೆ. ಇಬ್ಬರನ್ನೂ ಒಂದೇ ನೊಗಕ್ಕೆ ಹೂಡಿದರು. ಇಬ್ಬರಿಗೂ ಇಷ್ಟವಿರಲಿಲ್ಲ. ಅವನ ಕಲ್ಲಿನ ಅಳತೆ ಬೇರೆ, ನನ್ನ ಬ್ಲಾಕಿನದು ಬೇರೆ, ಮೂಲೆಯಲ್ಲಿ ಎರಡೂ ಕಚ್ಚಿಕೊಳ್ಳಬೇಕು. ಮೊದಲ ಮನೆಯ ಮೂಲೆಗೆ ನಾವು ಆಡಿದ ಜಗಳ ಕಳಸದವರೆಗೆ ಕೇಳಿರಬೇಕು. ಕೊಯ್ಲು ಬಂದರೆ ಕೆಲಸ ನಿಲ್ಲಿಸುತ್ತೇವೆ, ಬ್ಲಾಕನ್ನು ಮಳೆ ಬಿಟ್ಟ ಕೂಡಲೇ ಒತ್ತಿ ಗೋಣಿ ಹೊದಿಸುತ್ತೇವೆ, ಗೋಡೆ ಏಳಿಸುವುದು ಕಾಫಿ ಹೂ ಬಿಟ್ಟ ಮೇಲೆ. ಈ ಲೆಕ್ಕ ಯಾರು ಹೇಳಿದರು ಎಂದು ಈಗ ಯಾರಾದರೂ ಕೇಳಿದರೆ ಹೆಸರು ಹೇಳಲು ಬಾಯಿ ನೋಯುತ್ತದೆ, ಅಷ್ಟು ಜನ. ಆ ಲೈನು ಮುಗಿಯಿತು. ಆಮೇಲೆ ಬೇರೆ ತೋಟದವರೂ ಕರೆದರು, ಅತ್ತಿಗುಂಡಿಯ ಕಡೆಯವರೂ ಕರೆದರು.

ಹೋದ ವರ್ಷ ಊರಿಗೆ ಹೋಗಿದ್ದೆ. ನನ್ನ ತಮ್ಮ ಮನೆ ಕಟ್ಟಿಸುತ್ತಿದ್ದ, ನಾನೇ ನಿಂತು ಕಟ್ಟಿದೆ. ಮುಗಿದ ಮೇಲೆ ಓಣಿಯವರೆಲ್ಲ ಬಂದು ತಲೆಯೆತ್ತಿ ನೋಡಿದರು. ನನಗೆ ಅರಿವಿಲ್ಲದೆಯೇ ಸೂರನ್ನು ಎರಡು ಮೊಳ ಹೊರಗೆ ಬಿಟ್ಟಿದ್ದೆ.

"ಇದು ಯಾವ ಮಳಿಗಪಾ ಯಮನಪ್ಪ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ಬಿಸಿಲಲ್ಲಿ ಆ ಸೂರಿನ ನೆರಳಿಗೇ ನಿಂತು ನಕ್ಕರು.

ರೇಣುಕಾ ಅಲ್ಲಿ ಅಜ್ಜಿಗೆ, "ಎಂತ ಮಾರಾಯ್ತಿ, ಇಲ್ಲಿ ಎಷ್ಟು ಸೆಕೆ!" ಎಂದಳು. ನಮ್ಮವ್ವ ನನ್ನ ಮುಖ ನೋಡಿದಳು, ಇದು ಯಾರ ಮಗಳು ಅನ್ನುವ ಹಾಗೆ. ಇಲ್ಲಿ ಬೆಟ್ಟದಲ್ಲಿ ನನ್ನನ್ನು ಇವತ್ತಿಗೂ 'ಬಾದಾಮಿ ಮೇಸ್ತ್ರಿ' ಅನ್ನುತ್ತಾರೆ. ಊರಲ್ಲಿ ಈಗ 'ಮಲೆನಾಡಿನಾಂವ' ಅನ್ನುತ್ತಾರೆ. ಎರಡೂ ಕಡೆ ನನ್ನ ಬೆನ್ನ ಹಿಂದೆ ಏನೋ ಮಾತಾಡುತ್ತಾರೆ ಎಂದು ನನಗೆ ಖಾತ್ರಿ ಇದೆ.

ಇದು ಎರಡು ಸಾವಿರದ ಆರು. ಈಗ ನನ್ನ ಹತ್ತಿರ ಇರುವುದು ಇಷ್ಟು: ಬ್ಲಾಕು ಒತ್ತುವ ಮಶೀನು ಎರಡು. ಕೆಲಸದಲ್ಲಿ ಜೊತೆಗೂ ಜಗಳಕ್ಕೂ ಐತಪ್ಪ ಒಬ್ಬ. ಹೆಂಡತಿ ಒಬ್ಬಳು, ಮಗಳು ಒಬ್ಬಳು. ಊರಲ್ಲಿ ಅಪ್ಪ ಕಟ್ಟಿದ ಮಾಳಿಗೆ ಮನೆಯಲ್ಲಿ ಅರ್ಧ ಪಾಲು, ಬೆಳಕಿಂಡಿ ಸಮೇತ. ಕೊಟ್ಟಿಗೆಹಾರದ ಹತ್ತಿರ ಸ್ವಂತ ಮನೆ ಒಂದು, ನಾಲ್ಕು ಗೋಡೆ, ಪಡುವಣಕ್ಕೆ ತಟ್ಟಿ ಒಂದು. ಹೆಂಚಿನ ಮೇಲೆ ಹುಲ್ಲು.